ಬನ್ನಿಯ ಎಂಟು ಪುಟ

ನಾನು ಜೀವನದಲ್ಲಿ ಒಂದೇ ಒಂದು ಪುಸ್ತಕ ಬರೆದಿದ್ದೇನೆ. ಎಂಟು ಪುಟ, ನಾಲ್ಕು ಚಿತ್ರ, ನಡುವೆ ಸೂಜಿದಾರದ ಹೊಲಿಗೆ. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಗದಿರುವುದೇ ಒಳ್ಳೆಯದು. ಅದನ್ನು ಓದಿ ಅಕ್ಷರ ಬಿಡದೆ ಅದರಂತೆ ನಡೆದವಳು ನನಗೆ ತಿಳಿದ ಮಟ್ಟಿಗೆ ಒಬ್ಬಳೇ. ಅವಳು ನನ್ನ ನಾಲ್ಕನೆಯ ಇಯತ್ತೆಯ ಹುಡುಗಿ.

ನಮ್ಮ ಮನೆ ವಿಜಯಪುರದ ಜೋರಾಪುರ ಪೇಟೆಯಲ್ಲಿದೆ. ನಾನು ದಿನಾ ಬಸ್ಸಿನಲ್ಲಿ ಹೋಗಿ ಕಲಿಸುವ ಶಾಲೆ ಮಾತ್ರ ತಿಕೋಟಾ ದಾಟಿ ಬಬಲೇಶ್ವರದ ಕಡೆ ಹೊರಳಿದ ಮೇಲೆ ಬರುವ ಒಂದು ಸಣ್ಣ ಊರಿನದು. ಸುತ್ತಲೂ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡು. ಕೆಲವು ವರ್ಷದ ಕೆಳಗೆ ನಗರದಲ್ಲಿ ನಮಗೊಂದು ತರಬೇತಿ ಇಟ್ಟಿದ್ದರು. ಮಕ್ಕಳಿಗೆ ಶಾಂತಿ, ಸಹನೆ, ಅಹಿಂಸೆ ಕಲಿಸುವ ಪುಸ್ತಕಗಳನ್ನು ಮೇಜಿನ ತುಂಬ ಹರಡಿದ್ದರು. ಒಂದರಲ್ಲಿ ಬೆಕ್ಕು ಮತ್ತು ಇಲಿ ಒಂದೇ ತಟ್ಟೆಯಲ್ಲಿ ಊಟ ಮಾಡುತ್ತಿದ್ದವು. ನಾನು ಮೂಗು ಮುರಿದೆ. ತರಬೇತಿ ಕೊಡಲು ಬಂದವರು ಅದನ್ನು ನೋಡಿಬಿಟ್ಟರು. "ಹಾಗಾದರೆ ನಿಮ್ಮ ಊರಿನ ಕಥೆ ನೀವೇ ಬರೆದು ತನ್ನಿ" ಎಂದರು. ನನಗೆ ಅಷ್ಟು ಸಾಕಾಗಿತ್ತು.

ಅಂದು ಸಂಜೆ ಮನೆಯಲ್ಲಿ ಸಿಟ್ಟಿನಿಂದ ಚಪಾತಿ ಲಟ್ಟಿಸುತ್ತ, ನಡುನಡುವೆ ಕೈ ಒರೆಸಿಕೊಂಡು ಬರೆಯಲು ಕೂತೆ. ನನ್ನ ಸಿಟ್ಟು ನಮ್ಮ ಓಣಿಗೆಲ್ಲ ಗೊತ್ತು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನಕ್ಕರು.

"ಏನ ಬರಿಯಾಕತ್ತಿ?"

"ಶಾಂತಿ ಬಗ್ಗೆ. ಸುಮ್ಮ ಕುಂದರ್ರಿ."

"ನೀನು? ಶಾಂತಿ ಬಗ್ಗೆ? ಮೊದಲ ಆ ಲಟ್ಟಣಗಿ ಕೆಳಗಿಡು."

ನಾನು ಆರಿಸಿಕೊಂಡದ್ದು ಬನ್ನಿ. ದಸರೆಯ ಸಂಜೆ ನಮ್ಮ ಕಡೆ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುತ್ತೇವೆ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಕೈಗೆ ಕೈ ಕೂಡಿಸುತ್ತೇವೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಮಾತಾಡಬಹುದು. ನನ್ನ ಪುಸ್ತಕದಲ್ಲಿ ಎರಡು ಮನೆಗಳ ನಡುವೆ ಮಾತಿಲ್ಲ. ಒಬ್ಬ ಸಣ್ಣ ಹುಡುಗಿ ಬನ್ನಿ ತೆಗೆದುಕೊಂಡು ಆ ಮನೆಗೆ ಹೋಗುತ್ತಾಳೆ. "ಯಾರು ಕಳಿಸಿದ್ರವ್ವಾ?" ಎಂದು ಕೇಳುತ್ತಾರೆ. "ನಮ್ಮ ಮನಿಯವರೆಲ್ಲಾ ಕೊಟ್ಟು ಕಳಿಸ್ಯಾರ್ರಿ" ಎನ್ನುತ್ತಾಳೆ. ಎಂಟನೆಯ ಪುಟದಲ್ಲಿ ಎರಡೂ ಮನೆಯವರು ಕೂಡಿ ಹೋಳಿಗೆ ಊಟ ಮಾಡುತ್ತಾರೆ. ತರಬೇತಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಉಬ್ಬಿಹೋದೆ.

ಒಂದು ವಿಷಯ ಮಾತ್ರ ಪುಸ್ತಕದಲ್ಲಿರಲಿಲ್ಲ. ಬನ್ನಿಯನ್ನು ಮೊದಲು ಕೊಡಬೇಕಾದವರು ಸಣ್ಣವರು. ದೊಡ್ಡವರ ಮನೆಗೆ ತಾವಾಗಿ ಹೋಗಿ ಕಾಲಿಗೆ ಬಿದ್ದು ಕೊಡಬೇಕು. ಜಗಳವಾಡಿದವರ ನಡುವೆ ಅದಕ್ಕೆ ಬೇರೆಯೇ ತೂಕವಿದೆ. ಯಾರ ಮನೆಯ ಬನ್ನಿ ಮೊದಲು ಹೋಯಿತೋ ಅವರು ಸೋತರು, ಎದುರಿನವರ ಮಾತಿಗೆ ಒಪ್ಪಿದರು ಎಂದೇ ಲೆಕ್ಕ. ಇದು ನನಗೆ ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ನಮ್ಮ ಅಪ್ಪ ಮತ್ತು ಕಾಕಾ ಒಂದು ವರ್ಷ ಜೋರಾಪುರ ಪೇಟೆಯ ಒಂದೇ ಓಣಿಯಲ್ಲಿ, ಎದುರುಬದುರು ಬಾಗಿಲಲ್ಲಿ, ಬನ್ನಿ ಹಿಡಿದು ನಿಂತೇ ಇದ್ದರು. ಒಬ್ಬರೂ ಹೊಸ್ತಿಲು ದಾಟಲಿಲ್ಲ. ನಾನು ಅವ್ವನ ಸೆರಗು ಹಿಡಿದು ಅದನ್ನು ಕಣ್ಣಾರೆ ನೋಡಿದ್ದೆ. ಬರೆಯುವಾಗ ನೆನಪಿಗೂ ಬಂತು. ಹಾಕಿದರೆ ಕಥೆ ಎಂಟು ಪುಟಕ್ಕೆ ಮುಗಿಯುವುದಿಲ್ಲವೆಂದು ಬಿಟ್ಟೆ.

ಪುಸ್ತಕವನ್ನು ಝೆರಾಕ್ಸ್ ಮಾಡಿಸಿ, ಹೊಲಿದು, ತರಗತಿಯಲ್ಲಿ ದಾರಕ್ಕೆ ತೂಗುಹಾಕಿದೆ. ಅಚ್ಚಾದ ಬೇರೆ ಪುಸ್ತಕಗಳೂ ಅಲ್ಲಿ ಹತ್ತಾರು ಇದ್ದವು. ಈ ಹುಡುಗಿ ದಿನಾ ಬಂದು ನನ್ನದನ್ನೇ ತೆಗೆಯುತ್ತಿದ್ದಳು. ಬೆರಳಿಟ್ಟು, ತುಟಿ ಅಲುಗಿಸುತ್ತ ಓದುತ್ತಿದ್ದಳು. ಒಂದು ದಿನ ಚಿತ್ರ ತೋರಿಸಿ ತಪ್ಪು ಹಿಡಿದಳು.

"ಅಕ್ಕೋರ, ಬನ್ನಿ ಎಲಿ ಇಷ್ಟ ದೊಡ್ಡೂ ಇರಂಗಿಲ್ರಿ. ಇದು ಬೇವಿಂದ ಆಗೇತಿ."

ಖರೆಯಾಗಿತ್ತು. ನಾನು ಬೇವಿನ ಎಲೆಯನ್ನೇ ಬಿಡಿಸಿದ್ದೆ.

ಅವಳ ಮನೆಯ ಸಂಗತಿ ಊರಿಗೆಲ್ಲ ಗೊತ್ತಿತ್ತು. ಅವಳ ಅಪ್ಪ ಮತ್ತು ದೊಡ್ಡಪ್ಪ ಪಾಲಾಗಿದ್ದರು. ದೊಡ್ಡಪ್ಪನ ಪಾಲಿಗೆ ರಸ್ತೆಯ ಕಡೆಯ ಹೊಲ ಬಂತು, ಅಪ್ಪನಿಗೆ ಹಿಂದಿನದು. ಹಿಂದಿನ ದ್ರಾಕ್ಷಿ ತೋಟಕ್ಕೆ ಟ್ರ್ಯಾಕ್ಟರ್ ಹೋಗಬೇಕೆಂದರೆ ಮುಂದಿನ ಹೊಲದ ಅಂಚಿನ ದಾರಿ ಒಂದೇ. ಆ ದಾರಿಗೆ ದೊಡ್ಡಪ್ಪ ಜಾಲಿ ಮುಳ್ಳು ಬಡಿದ. ದಾರಿ ತನ್ನದು, ತಮ್ಮ ಬಂದು ಕೇಳಿದರೆ ಬಿಡುತ್ತೇನೆ ಎಂಬುದು ಅವನ ಮಾತು. ದಾರಿ ಇಬ್ಬರದೂ, ಕೇಳುವುದೇನಿದೆ ಎಂಬುದು ಅಪ್ಪನ ಮಾತು. ಊರ ಹಿರಿಯರು ಆರು ತಿಂಗಳಿಂದ ಕೂತು ಎದ್ದು ಮಾಡುತ್ತಿದ್ದರು. ಹೆಚ್ಚಿನವರು ತಮ್ಮನ ಕಡೆಗೇ ವಾಲಿದ್ದರು ಎಂದು ಕೇಳಿದ್ದೆ. ಈ ನಡುವೆ ದೊಡ್ಡಪ್ಪನ ಮಗಳ ಜೊತೆ ಕೂಡಬಾರದೆಂದು ಹುಡುಗಿಗೆ ತಾಕೀತಾಗಿತ್ತು. ಇಬ್ಬರೂ ಒಂದೇ ತರಗತಿ, ಮೊದಲು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದವರು. ಈಗ ಒಬ್ಬಳು ಕಿಟಕಿಯ ಹತ್ತಿರ, ಒಬ್ಬಳು ಬಾಗಿಲ ಹತ್ತಿರ ಕೂಡುತ್ತಿದ್ದರು.

ದಸರೆ ಸೂಟಿಯ ಹಿಂದಿನ ದಿನ ಅವಳು ಪುಸ್ತಕ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು.

"ಅಕ್ಕೋರ, ಇದು ಖರೇನ ಆಗೇತೇನ್ರಿ?"

ನಾನು ಹಾಜರಿ ಪುಸ್ತಕ ಮುಗಿಸುವ ಅವಸರದಲ್ಲಿದ್ದೆ. ತಲೆ ಎತ್ತದೆ ಹೇಳಿದೆ.

"ಮಾಡಿದ್ರ ಆಗತೈತಿ ನೋಡವ್ವಾ."

ಶಾಲೆ ಮತ್ತೆ ತೆರೆದ ದಿನ, ಅದೇ ಊರಿನವರಾದ ನಮ್ಮ ಹೆಡ್ ಮಾಸ್ತರು ಗೇಟಿನಲ್ಲೇ ನನ್ನನ್ನು ತಡೆದರು.

"ಅಕ್ಕೋರ, ನಿಮ್ಮ ಪುಸ್ತಕ ಊರಾಗ ಬಾಳ ಕೆಲಸ ಮಾಡೇತಿ."

ನಾಚಿಕೆಗೇಡು, ನನಗೆ ಮೊದಲು ಖುಷಿಯಾಯಿತು. ಮುಖ ಅರಳಿಸಿಕೊಂಡೇ ನಿಂತಿದ್ದೆ. ಅವರು ನಡೆದದ್ದನ್ನು ಹೇಳಿದರು. ದಸರೆಯ ಸಂಜೆ ಹುಡುಗಿ ದೇವರ ಜಗಲಿಯ ಮೇಲಿನ ಬನ್ನಿ ತೆಗೆದುಕೊಂಡು, ಮನೆಯಲ್ಲಿ ಯಾರಿಗೂ ಹೇಳದೆ ದೊಡ್ಡಪ್ಪನ ಮನೆಗೆ ಹೋಗಿದ್ದಾಳೆ. ಅಲ್ಲಿ ಅಂಗಳದ ತುಂಬ ಬೀಗರು. ದೊಡ್ಡಪ್ಪನ ಕಾಲಿಗೆ ಬಿದ್ದು ಬನ್ನಿ ಕೊಟ್ಟಿದ್ದಾಳೆ. ಅವನು ಕೇಳಿದ್ದಾನೆ, ಯಾರು ಕಳಿಸಿದರು ಎಂದು. ಅವಳು ಪುಸ್ತಕದ ಮಾತು ಒಪ್ಪಿಸಿದ್ದಾಳೆ: ನಮ್ಮ ಮನಿಯವರೆಲ್ಲಾ ಕೊಟ್ಟು ಕಳಿಸ್ಯಾರ್ರಿ.

ಅವನು ಅವಳ ಬಾಯಿಗೆ ಸಕ್ಕರೆ ಹಾಕಿ, ಆ ಬನ್ನಿಯನ್ನು ಅಂಗೈಯಲ್ಲಿ ಹಿಡಿದು ನೆಟ್ಟಗೆ ಹಿರಿಯರು ಕೂಡುವ ಹನುಮಪ್ಪನ ಗುಡಿಯ ಕಟ್ಟೆಗೆ ಹೋದನಂತೆ. ತಮ್ಮ ಬನ್ನಿ ಕಳಿಸಿದ್ದಾನೆ, ದಾರಿ ನನ್ನದೆಂದು ಒಪ್ಪಿದ್ದಾನೆ ಎಂದನಂತೆ. ಹಿರಿಯರಿಗೂ ಸಾಕಾಗಿತ್ತು. ಜಗಳ ಬಗೆಹರಿಯಿತು ಎಂದು ಕೈ ಮುಗಿದು ಎದ್ದರು. ಅಪ್ಪನಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಾನು ಕಳಿಸಿಲ್ಲ ಎಂದರೆ ಕೇಳುವವರಿಲ್ಲ. ದಸರೆಯ ಬನ್ನಿ ಕೊಟ್ಟು ಹಿಂದೆ ಸರಿಯುತ್ತೀಯಾ ಎಂದು ಅವನಿಗೇ ಬೈದರು. ಮುಳ್ಳು ತೆಗೆದರು, ನಿಜ. ಆದರೆ ಇನ್ನು ಮೇಲೆ ಪ್ರತಿ ಸಲ ಟ್ರ್ಯಾಕ್ಟರ್ ಒಯ್ಯುವಾಗ ಅಣ್ಣನ ಬಾಗಿಲಿಗೆ ಹೋಗಿ ಕೇಳಬೇಕು.

"ಹುಡುಗಿ?" ಎಂದು ಕೇಳಿದೆ.

"ಬಂದಾಳ, ಒಳಗ ಅದಾಳ. ನೋಡ್ರಿ ನೀವ."

ಅವಳು ಚಳಿಯಿಲ್ಲದ ದಿನ ತುಂಬುತೋಳಿನ ಸ್ವೆಟರ್ ಹಾಕಿಕೊಂಡು ಕೂತಿದ್ದಳು. ತೋಳು ಸರಿಸಿದೆ. ತೋಟಕ್ಕೆ ಹನಿ ನೀರು ಬಿಡುವ ಕರಿ ಪೈಪಿನ ತುಂಡಿನಿಂದ ಹೊಡೆದ ಬಾಸುಂಡೆಗಳು ಮೊಣಕೈವರೆಗೂ ಇದ್ದವು. ಅವಳು ತೋಳನ್ನು ಮೆಲ್ಲಗೆ ಇಳಿಸಿಕೊಂಡು ಪಾಟಿಚೀಲ ತೆರೆದಳು.

ಅಂದು ಮಧ್ಯಾಹ್ನವೇ ಅವಳ ಮನೆಗೆ ಹೋದೆ. ಅಪ್ಪ ಕುರ್ಚಿ ತಂದು ಹಾಕಿದ, ಹೆಂಡತಿಗೆ ಚಹಾ ಇಡಲು ಹೇಳಿದ. ತಾನು ಬಾಗಿಲ ಪಕ್ಕ ನಿಂತೇ ಇದ್ದ. ನೋಡಿದರೆ ಕೈ ಎತ್ತುವವನೆಂದು ಯಾರೂ ಹೇಳುವಂತಿರಲಿಲ್ಲ. ಪುಸ್ತಕ ಬರೆದವಳು ನಾನು, ತಪ್ಪು ನನ್ನದು, ಅವಳಿಗೆ ಹೊಡೆಯಬೇಡಿ ಎಂದೆ.

"ನಿಮ್ಮ ಮ್ಯಾಲ ನಮಗೇನು ಸಿಟ್ಟಿಲ್ರಿ ಅಕ್ಕೋರ. ಪುಸ್ತಕ ಚಲೋನ ಇರಬೇಕು. ಆದ್ರ ನಾ ಈಗ ನನ್ನ ಹೊಲಕ್ಕ ಹೋಗಾಕ ಅವನ ಹೊಸ್ತಿಲದಾಗ ನಿಂದರಬೇಕು. ದಿನಾ ನಿಂದರತೇನಿ. ಅದಕ್ಕೇನರ ಪುಸ್ತಕ ಐತೇನ್ರಿ ನಿಮ್ಮ ಹತ್ರ?"

ಅವನ ಹೆಂಡತಿ ಚಹಾ ಕೊಟ್ಟು, ನನ್ನ ಮುಖ ನೋಡದೆ ಒಳಗೆ ಹೋದಳು. ಚಹಾ ಕುಡಿದು ಎದ್ದೆ.

ಅಲ್ಲಿಂದ ದೊಡ್ಡಪ್ಪನ ಮನೆಗೆ ಹೋದೆ. ಹುಡುಗಿ ಹೇಳಿದ್ದು ನನ್ನ ಪುಸ್ತಕದ ಮಾತು, ಅವಳ ಅಪ್ಪ ಕಳಿಸಿದ್ದಲ್ಲ, ಇದನ್ನು ಕಟ್ಟೆಗೆ ಬಂದು ಎಲ್ಲರ ಮುಂದೆ ಹೇಳುತ್ತೇನೆ ಎಂದೆ. ಅವನು ಚೆನ್ನಾಗಿಯೇ ನಕ್ಕ.

"ಬರ್ರಿ, ಹೇಳ್ರಿ. ಸಣ್ಣ ಕೂಸು ಬನ್ನಿ ತಂತಂದ್ರ ದೇವರ ಕಳಿಸಿದಂಗ. ಹಿರ್ಯಾರು ಕೈ ಮುಗದ ಎದ್ದಾರ. ಇನ್ನ ಅದನ್ನ ಹೊಳ್ಳಿಸಾಕ ಬರತೈತೇನ್ರಿ?"

ಆದರೂ ಕಟ್ಟೆಗೆ ಹೋದೆ, ಹೇಳಿದೆ. ಹಿರಿಯರಲ್ಲೊಬ್ಬರು ಕೂಡಲು ಜಾಗ ಕೊಟ್ಟು ಪೂರ್ತಿ ಕೇಳಿದರು. ಕೊನೆಗೆ, "ಅಕ್ಕೋರ, ಜಗಳ ಹರಿಲಿ ಅಂತನ ಅಲ್ರಿ ನೀವು ಬರದದ್ದು? ಹರದೈತಿ, ಬಿಡ್ರಿ" ಎಂದರು. ನನ್ನ ಪುಸ್ತಕವನ್ನು ನನಗಿಂತ ಚೆನ್ನಾಗಿ ಅವರು ಓದಿದ್ದರು.

ಶಾಲೆಯ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿಯ ನಂಬರು ಬರೆಸಿದ್ದೇವೆ. ಬರೆಸುವಾಗ ಅಕ್ಷರ ದಪ್ಪಗಿರಲಿ ಎಂದು ಪೇಂಟರನ ಜೊತೆ ವಾದಿಸಿದವಳೂ ನಾನೇ. ಮರುದಿನ ಅದರ ಮುಂದೆ ಮೊಬೈಲ್ ಹಿಡಿದು ನಿಂತೆ. ಹೆಡ್ ಮಾಸ್ತರು ಹಿಂದೆ ಬಂದು ನಿಂತರು.

"ಫೋನ್ ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಮರದಿನ ಆ ಹುಡುಗಿ ಸಾಲಿಗಿ ಬರಂಗಿಲ್ಲ. ಮನ್ಯಾಗ ಇಟಗೊಂಡ್ರ ನಮಗ ಕಣ್ಣಿಗೂ ಬೀಳಂಗಿಲ್ಲ. ವಿಚಾರ ಮಾಡ್ರಿ."

ವಿಚಾರ ಮಾಡಿದೆ. ಇಂದಿಗೂ ಮಾಡುತ್ತಿದ್ದೇನೆ. ಫೋನ್ ಮಾಡಲಿಲ್ಲ. ಸರಿಯೋ ತಪ್ಪೋ ನನಗೆ ಗೊತ್ತಿಲ್ಲ, ಹೆದರಿದೆ ಎನ್ನುವುದು ಮಾತ್ರ ಗೊತ್ತು. ಅವಳ ಹಾಜರಿ ಹಾಕುವಾಗೆಲ್ಲ ಬಂದಿದ್ದಾಳಲ್ಲ ಎಂದು ಜೀವ ತಣ್ಣಗಾಗುತ್ತಿತ್ತು. ಆಮೇಲೆ ಅವಳ ತೋಳಿನ ಕಡೆ ಕಣ್ಣು ಹೋಗುತ್ತಿತ್ತು. ದಾರದಿಂದ ನನ್ನ ಪುಸ್ತಕ ತೆಗೆದು ಕಪಾಟಿನ ಒಳಗೆ ಹಾಕಿದೆ. ಅವಳು ಬೇರೆ ಪುಸ್ತಕ ತೆಗೆದುಕೊಂಡು ಕೂತಳು.

ದ್ರಾಕ್ಷಿಗೆ ಔಷಧ ಹೊಡೆಯುವ ದಿನಗಳು ಬಂದವು. ಟ್ರ್ಯಾಕ್ಟರ್ ದಿನಾ ಹೋಗಬೇಕು, ಅಪ್ಪ ದಿನಾ ಅಣ್ಣನ ಬಾಗಿಲಲ್ಲಿ ನಿಲ್ಲಬೇಕು. ಅಣ್ಣ ಒಳಗಿದ್ದೂ ಬೇಗ ಹೊರಗೆ ಬರುವುದಿಲ್ಲವಂತೆ. ಅಲ್ಲಿ ನಿಂತ ಸಿಟ್ಟನ್ನು ಅಪ್ಪ ಸಂಜೆ ಮನೆಗೆ ತರುತ್ತಿದ್ದ. ಮರುದಿನ ಬೆಳಿಗ್ಗೆ ಅದು ಅವಳ ಮೈಮೇಲೆ ಕಾಣುತ್ತಿತ್ತು.

ಹಾಗೇ ಒಂದು ದಿನ ಶಾಲೆ ಬಿಟ್ಟ ಮೇಲೆ ಅವಳು ನನ್ನ ಚೀಲ ಹೊತ್ತುಕೊಂಡು ಬಸ್ ನಿಲ್ಲುವ ಬೇವಿನ ಗಿಡದವರೆಗೆ ಬಂದಳು. ಕುತ್ತಿಗೆಯ ಹಿಂದೆ ಹೊಸ ಬಾಸುಂಡೆ ಇತ್ತು.

"ನಿನ್ನೆ ಮತ್ತ ಹೊಡದ್ರೇನು?"

"ಹೂನ್ರಿ. ಆದ್ರ ನಾ ಸಿಟ್ಟಾಗಲಿಲ್ರಿ ಅಕ್ಕೋರ. ಹತ್ತರ ತನಾ ಎಣಿಸಿದೆ."

ಸಿಟ್ಟು ಬಂದಾಗ ಹತ್ತರವರೆಗೆ ಎಣಿಸು, ಆಮೇಲೆ ಎಲ್ಲ ಸರಿಯಾಗುತ್ತದೆ ಎನ್ನುವ ಪುಸ್ತಕವೊಂದು ದಾರದ ಮೇಲಿದೆ. ಅದನ್ನು ಓದಿದ್ದಾಳೆ. ಅವಳ ಮುಖ ನೋಡಿದೆ. ಪಾಠ ಒಪ್ಪಿಸಿ ಶಾಬಾಸ್ ಎನ್ನುವುದನ್ನು ಕಾಯುವ ಮುಖ ಅದು. ನನಗೆ ಅಲ್ಲೇ ಕೂತು ಅಳಬೇಕೆನಿಸಿತು.

"ಹತ್ತಾದ ಮ್ಯಾಲೂ ಅಪ್ಪ ಬಿಡಲಿಲ್ರಿ," ಎಂದಳು. "ಪುಸ್ತಕ ಹತ್ತಕ್ಕ ಮುಗದೈತಿ. ಆಮ್ಯಾಲ ಏನ ಮಾಡಬೇಕ್ರಿ?"

"ಎಣಿಸಬ್ಯಾಡವ್ವಾ. ಎದ್ದು ಓಡಿ ನನ್ನ ಹತ್ರ ಬಾ."

ಅವಳು ದೂರು ಹೇಳುವ ದನಿಯಲ್ಲಲ್ಲ, ನಾನು ಮರೆತದ್ದನ್ನು ನೆನಪು ಮಾಡಿಕೊಡುವ ದನಿಯಲ್ಲಿ ಹೇಳಿದಳು.

"ಅಪ್ಪ ಹೊಲದಿಂದ ಬರೂದು ಆರಕ್ಕರಿ. ಅಷ್ಟೊತ್ತಿಗಿ ನೀವು ಹೋಗಿಬಿಟ್ಟಿರತೀರಿ."

ಬಸ್ಸು ಬಂತು. ಅವಳು ಚೀಲ ಎತ್ತಿಕೊಟ್ಟಳು. ನಾನು ಹೋದೆ.