ಉಣ್ಣೆ ಹಿಡಿದ ನೀರು, ಮಕ್ಕಳ ತಟ್ಟೆಗೆ ಸೊಪ್ಪು

ಬೆಳಗಿನ ಆರು ಗಂಟೆ. ಹಿರಿಯೂರಿನ ಇಕ್ಕಟ್ಟು ಬೀದಿಯೊಂದರ ತಾರಸಿಯಲ್ಲಿ ಚಿತ್ತಮ್ಮ ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಎದುರಿಗೆ ಪೇಂಟಿನ ಹಳೇ ಬಕೆಟ್‌ಗಳ ಸಾಲು. ಒಂದೊಂದರ ಮಣ್ಣಿಗೂ ತೋರುಬೆರಳು ಚುಚ್ಚಿ ನೋಡುತ್ತಾರೆ. ಒಳಗೆ ತಂಪಿದ್ದರೆ ಮುಂದಕ್ಕೆ, ಒಣಗಿದ್ದರೆ ಅರ್ಧ ಚೊಂಬು ನೀರು.

"ದಂಟಿಗೆ ಇವತ್ತು ಬ್ಯಾಡ, ಮೊನ್ನೆ ಹಾಕಿದ್ ನೀರೇ ಐತೆ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಚಿತ್ತಮ್ಮ ಇದೇ ಕಟ್ಟಡದ ಕೆಳಗಿನ ಬಾಡಿಗೆ ಕೋಣೆಯಲ್ಲಿರುವ ಅಂಗನವಾಡಿಯ ಸಹಾಯಕಿ. ಮಕ್ಕಳ ಬಾಯಲ್ಲಿ ಆಯಮ್ಮ. ಇಪ್ಪತ್ತಾರು ಮಕ್ಕಳು, ಇಪ್ಪತ್ತಾರು ಬಕೆಟ್. ಒಂದೊಂದರ ಮೇಲೂ ಸುಣ್ಣದ ಗುರುತು: ಮೀನು, ಛತ್ರಿ, ಬೆಕ್ಕು. ಹೆಸರು ಓದಲು ಬಾರದ ಮಕ್ಕಳೂ ತಮ್ಮ ಬಕೆಟ್ ಗುರುತಿಸುತ್ತವೆ. "ಮೊದ್ಲು ಸಾರಿನಾಗೆ ಸೊಪ್ಪು ಕಂಡ್ರೆ ಪಕ್ಕದೋರ ತಟ್ಟೆಗೆ ಹಾಕೋವು, ಕಳ್ಳ ಮುಂಡೇವು. ಈಗ ತನ್ನ ಬಕೀಟಿಂದು ಅಂದ್ರೆ ತಟ್ಟೆ ನೆಕ್ಕಿ ಇಡ್ತಾವೆ" ಎಂದು ನಗುತ್ತಾರೆ.

ಹೋದ ಬೇಸಿಗೆಯಲ್ಲಿ ಇದೆಲ್ಲ ಕೈತಪ್ಪುವುದರಲ್ಲಿತ್ತು. ತಾರಸಿಯ ಕೆಳಗೇ ಕಟ್ಟಡದ ಒಡತಿ ಏಕಾಂತಮ್ಮನವರ ಅಡಿಗೆಮನೆ. ಅದರ ಸೂರಿನಲ್ಲಿ ತೇವ ಕಾಣಿಸಿತು. ಏಕಾಂತಮ್ಮ ಮೆಟ್ಟಿಲೇರಿ ಬಂದವರೇ, "ನಿನ್ನ ಸೊಪ್ಪಿಗೆ ನನ್ನ ಮನೆ ಸೋರ್ಬೇಕೇನೆ? ಹದಿನೈದು ದಿನ ಟೈಮು. ಆಮೇಲೆ ಎಲ್ಲ ಕೆಳಗಿಳಿಸಿ ಬೀಗ ಹಾಕ್ತೀನಿ" ಎಂದರು. ಅವರ ಮಾತು ತಪ್ಪಲ್ಲ. ಬಕೆಟ್‌ನ ತೂತು ಮುಚ್ಚಿದರೆ ಬೇರು ಕೊಳೆಯುತ್ತದೆ, ಬಿಟ್ಟರೆ ನೀರೆಲ್ಲ ತಾರಸಿಗೆ.

ಚಿತ್ತಮ್ಮ ಹರಿಯಬ್ಬೆ ಕಡೆಯ ಹಟ್ಟಿಯವರು, ಕುರಿಗಳ ಹಿಂದೆ ಅಲೆದು ಬೆಳೆದವರು. ಆಗ ಮಳೆಗೆ ನೆನೆದ ಕಂಬಳಿ ನೆನಪಾಯಿತು. "ಎಷ್ಟು ಹಿಂಡಿದ್ರೂ ಮೂರು ದಿನ ಒಣಗ್ತಿರ್ಲಿಲ್ಲ ಕಂಡ್ರಿ. ನೀರು ಹಿಡಿಯೋಕೆ ಅದಕ್ಕಿಂತ ಬೇಕಾ?"

ಅಣ್ಣ ಜುಂಜೇಶ್ ಕೊಳ್ಳುವವರಿಲ್ಲದೆ ಬಿದ್ದಿದ್ದ ಎರಡು ಮೂಟೆ ಉಣ್ಣೆ ತಂದು ಕೊಟ್ಟರು, ಜೊತೆಗೊಂದು ಕೊಂಕು ಮಾತು: "ಲೇ ಚಿತ್ತಿ, ಕೂದ್ಲು ಬಿತ್ತಿ ಕುರಿ ಬೆಳೀತೀಯೇನೆ?"

ಅವಸರದಲ್ಲಿ ಚಿತ್ತಮ್ಮ ಉಣ್ಣೆಯನ್ನು ತೊಳೆಯದೆ ಹಾಗೇ ಬಕೆಟ್‌ಗಳ ತಳಕ್ಕೆ ತುರುಕಿದರು. ಅದರ ಜಿಡ್ಡಿಗೆ ನೀರು ಹತ್ತದೆ ಮೊದಲಿಗಿಂತ ಹೆಚ್ಚು ಸೋರಿತು. ಐದು ದಿನ ಹಾಳು. "ಕಂಬಳಿ ನೇಯೋಕೆ ಮುಂಚೆ ನಮ್ಮವ್ವ ಕೂದ್ಲು ತೊಳೀತಿದ್ದದ್ದೇ ಮರ್ತಿದ್ದೆ. ನನ್ನ ತಲೆಗೆ ನಾನೇ ಮೊಟಕಿಕೊಂಡೆ" ಎನ್ನುತ್ತಾರೆ. ಬೂದಿ ನೀರಿನಲ್ಲಿ ಎರಡು ದಿನ ನೆನೆಸಿ, ತುಳಿದು, ಜಿಡ್ಡು ಬಿಡಿಸಿ, ಇಪ್ಪತ್ತಾರು ಬಕೆಟ್‌ಗಳ ಮಣ್ಣು ಸುರಿದು, ತಳಕ್ಕೆ ನಾಲ್ಕು ಬೆರಳು ದಪ್ಪ ಉಣ್ಣೆ ಹಾಸಿ ಮತ್ತೆ ತುಂಬಿದರು.

ಹದಿನೈದನೆಯ ದಿನ ಏಕಾಂತಮ್ಮ ಹಳೇ ಪೇಪರಿನೊಂದಿಗೆ ಬಂದರು. ಬಕೆಟ್ ಒಂದರ ಕೆಳಗೆ ಹಾಸಿ, ತಾವೇ ಒಂದು ಚೊಂಬು ನೀರು ಸುರಿದು, ಕಾಫಿ ಕುಡಿಯುತ್ತ ಕುಳಿತರು. ಲೋಟ ಖಾಲಿಯಾಯಿತು. ಇಬ್ಬರೂ ಸೇರಿ ಬಕೆಟ್ ಎತ್ತಿದರೆ ಪೇಪರು ಗರಿಗರಿ! ನಂಬದೆ ಇನ್ನೊಂದು ಚೊಂಬು ಸುರಿದರು. ಆಗಲೂ ಒಂದು ಹನಿ ಇಲ್ಲ.

"ನೀರು ಎಲ್ಲಿಗೆ ಹೋತೇ?"

"ಕುರಿ ಕುಡೀತು ಬಿಡ್ರಿ ಅಮ್ಮಾರೆ!"

ಈಗ ತಾರಸಿಯ ಬೀಗದ ಕೈ ಚಿತ್ತಮ್ಮನ ಸೊಂಟದಲ್ಲೇ ಇದೆ. ದಿನಕ್ಕೆ ಆರು ಕೊಡ ಬೇಡುತ್ತಿದ್ದ ಗಿಡಗಳಿಗೆ ಎರಡೇ ಕೊಡ ಸಾಕು. ವಾರಕ್ಕೆ ನಾಲ್ಕು ದಿನ ಮಕ್ಕಳ ಸಾರಿಗೆ ತಾರಸಿಯ ಸೊಪ್ಪು. ಮೆಟ್ಟಿಲ ಪಕ್ಕ ಇಪ್ಪತ್ತೇಳನೆಯ ಬಕೆಟ್‌ನಲ್ಲಿ ಕೊತ್ತಂಬರಿ ಎದ್ದಿದೆ. ಅದರ ಮೇಲಿನ ಸುಣ್ಣದ ಗುರುತು ಕನ್ನಡಕ. ಅದು ಏಕಾಂತಮ್ಮನವರದು.

ಇನ್ನೇನು ಬೇಕು ಎಂದರೆ ಚಿತ್ತಮ್ಮ ಸೊಪ್ಪಿನ ಬುಟ್ಟಿ ಎತ್ತಿಕೊಳ್ಳುತ್ತಲೇ ಹೇಳುತ್ತಾರೆ: "ಬರೋ ವರ್ಷ ಮೂವತ್ತು ಮಕ್ಳು ಬರ್ಲಿ. ಇನ್ನೂ ನಾಲ್ಕು ಬಕೀಟು ಇಡ್ತೀನಿ. ಕೂದ್ಲಿಗೇನು, ನಮ್ಮಣ್ಣನ ಕುರಿ ಅವೆ."