ಮೀಸಿ ತೆಗೆಸಿದ ಕೈದಿ

ಮೊನ್ನೆ ಐತವಾರ ಮಧ್ಯಾಹ್ನ ಶೇಂಗಾ ಒಡಕೋತ ಟಿವಿ ಮುಂದ ಕುಂತಿದ್ದೆ. ಹಳೇ ಸಿನಿಮಾ ಒಂದು ಹತ್ತಿತು. ಅಂಡಮಾನಕ್ಕ ಒಯ್ದು ಕರಿನೀರಿನ ಶಿಕ್ಷೆ ಕೊಟ್ಟ ಕೈದಿಗಳ ಕಥಿ. ಕಾಲಿಗೆ ಬೇಡಿ, ತಲಿ ಬೋಳು, ಬಿಸಲಾಗ ಕಲ್ಲು ಒಡ್ಯಾಕ ಹತ್ತಿದ್ದರು. ಹಿಂದಿನ ಗುಡ್ಡ ನೋಡಿದ ಕೂಡಲೇ ಗುರ್ತು ಹತ್ತಿತು. ಅದು ಅಂಡಮಾನೂ ಅಲ್ಲ, ಗಿಂಡಮಾನೂ ಅಲ್ಲರಿ. ನಮ್ಮ ಡೋಣಿ ಕಡೆ ಕಪ್ಪತಗುಡ್ಡ. ಆ ಬೋಳು ತಲಿಯೊಳಗ ಒಂದು ನಮ್ಮ ಕಾಕಾಂದು.

ಕಾಕಾ ಅವತ್ತ ನಮ್ಮ ಮನ್ಯಾಗ ಇದ್ದ. ಮೊಮ್ಮಗಳ ಮದುವಿಗೆ ಕರ್ಯಾಕ ಬೆಟಗೇರಿಯಿಂದ ಶಿರಹಟ್ಟಿಗೆ ಬಂದಾವ, ಉಂಡು ಅಡ್ಡಾಗಿದ್ದ. "ಕಾಕಾ, ಏಳು. ನಿನ್ನ ಸಿನಿಮಾ ಬಂದೈತಿ" ಅಂದೆ. ಎದ್ದು ಬಂದ, ಆದರ ಕುಂಡ್ರಲಿಲ್ಲ. ಬಾಗಲಾ ಹಿಡಕೊಂಡು ನಿಂತ. ಈ ಸಿನಿಮಾ ಅವ ಇಲ್ಲೀತನಕ ನೋಡೇ ಇಲ್ಲ. ಯಾಕ ಅನ್ನೋದನ್ನ ನಿಮಗ ಹೇಳಬೇಕಂದ್ರ ನಮ್ಮ ಮನೆತನದ ಮೀಸಿ ಸುದ್ದಿ ಹೇಳಬೇಕಾಗತೈತಿ.

ನಮ್ಮ ಗಂಡಸರಿಗೆ ಮೀಸಿ ಅಂದ್ರ ಭಾಳ ದೊಡ್ಡದು. ದೇವರಿಗೆ ಮುಡಿ ಕೊಟ್ಟು ತಲಿ ಬೋಳಿಸಿಕೊಂಡರೂ ಮೀಸಿ ಮುಟ್ಟಗೊಡಂಗಿಲ್ಲ. ತಲಿ, ಮೀಸಿ ಎರಡೂ ತೆಗಸೋದು ಹೆತ್ತವರು ತೀರಿಕೊಂಡಾಗ ಮಾತ್ರ. ಹಂಗಾಗಿ ಎರಡೂ ಇಲ್ಲದ ಗಂಡಸು ಎದುರಿಗೆ ಬಂದ್ರ ನಮ್ಮ ಓಣ್ಯಾಗ ಯಾರೂ ಏನೂ ಕೇಳಂಗಿಲ್ಲ, ಅಪ್ಪನೋ ಅವ್ವನೋ ಹೋದ್ರು ಅಂತ ತಿಳದು ಸೀದಾ ಅವರ ಮನಿಗೆ ಮಾತಾಡಸಾಕ ಹೋಗತಾರ.

ಕಾಕಾ ನಮ್ಮ ಅಜ್ಜನ ಸಣ್ಣ ಮಗ, ಮುದ್ದಿನ ಮಗ. ಮಗ್ಗದಾಗ ಕುಂತರೂ ಜೀವ ಎಲ್ಲಾ ಟಾಕೀಜದಾಗ. ಡೋಣಿ ಗುಡ್ಡಕ್ಕ ಸಿನಿಮಾದವರು ಬಂದಾರ, ಕೈದಿ ವೇಷಕ್ಕ ಮಂದಿ ಹುಡಕಾಕ ಹತ್ತ್ಯಾರ ಅನ್ನೋ ಖಬರ ಬಂದದ್ದ ತಡ, ಮನ್ಯಾಗ ಯಾರಿಗೂ ಹೇಳದ ಹೋದ. ತಲಿ, ಮೀಸಿ ಎರಡೂ ತೆಗೀಬೇಕು ಅಂದ್ರಂತ. ಈ ಮಹಾರಾಯ ಹೂಂ ಅಂದ. ಸಿನಿಮಾದ ಮುಂದ ಅಪ್ಪ ಎಲ್ಲಿ ನೆನಪಾಗಬೇಕು? ಕೆಲಸ ಮುಗಿಸಿ ಬೋಳು ಮಾರಿ ಹೊತ್ತು ಬೆಟಗೇರಿಗೆ ಬಂದಿಳಿದ. ಮನಿಗೆ ಹೋಗಾಕ ಧೈರ್ಯ ಸಾಲದ ಪ್ಯಾಟ್ಯಾಗ ಅಡ್ಡಾಡಿ, ಅವತ್ತ ಗೆಳೆಯನ ಮನ್ಯಾಗ ಉಳಕೊಂಡ. ಅಷ್ಟ ಸಾಕಾತು.

ಆಗ ಮೊಬೈಲ್ ಇರಲಿಲ್ಲ, ನಮ್ಮ ಮಂದಿಗೆ ಅದು ಬೇಕಾಗಿಯೂ ಇರಲಿಲ್ಲ. ಬೆಟಗೇರಿ ಪ್ಯಾಟಿಗೆ ಹೋಗಿ ಬಂದ ನಮ್ಮ ಮಗ್ಗಲ ಮನಿಯವರು, "ನಿಮ್ಮ ಅಜ್ಜ ಹ್ವಾದಂಗ ಕಾಣತೈತಿ ನೋಡವಾ, ನಿಮ್ಮ ಕಾಕಾನ್ನ ನೋಡಿದ್ವಿ" ಅಂದ್ರು. ಶಿರಹಟ್ಟಿಗೆ ಹೊಸದಾಗಿ ಮದುವಿಯಾಗಿ ಬಂದಾಕಿ ನಾನು. ಮರುದಿನ ಮುಂಜಾನೆ ಗದಗ ಬಸ್ಸು ಹತ್ತಿದಾಕಿ ಇಳಿಯೂತನಕ ಅತ್ತೆ. ಕಂಡಕ್ಟರ್ ಪಾಪ, ಟಿಕೆಟ್ ಕೇಳಾಕೂ ಹೆದರಿದ. "ಅಜ್ಜಾ, ನನ್ನ ಬಿಟ್ಟು ಹ್ವಾದ್ಯಲ್ಲೋ" ಅಂತ ಎದಿ ಬಡಕೋತ ಒಳಗ ಹೊಕ್ಕರ, ಅಜ್ಜ ಪಡಸಾಲ್ಯಾಗ ಕುಂತು ಬಸಿಯೊಳಗ ಚಾ ಊದಿ ಕುಡ್ಯಾಕ ಹತ್ತಿದ್ದ. ಸುತ್ತಲೂ ಮುಂಡರಗಿ, ಲಕ್ಷ್ಮೇಶ್ವರದ ಬೀಗರು ಅಳೂದು ನಿಲ್ಲಿಸಿ, ಮುಂದ ಏನು ಮಾಡಬೇಕು ತಿಳೀದ ಕುಂತಿದ್ದರು. ಒಬ್ಬರಂತೂ ತಂದ ಹೂವಿನ ಮಾಲಿಯನ್ನ ಧೋತರದ ಮರೀಗೆ ಇಟಗೊಂಡಿದ್ದರು. ಅದನ್ನ ನೋಡಿ ನನಗ ನಗು ತಡೀಲಿಲ್ಲ. ನನ್ನ ನೋಡಿ ಎಲ್ಲಾರೂ ನಕ್ಕರು.

ಅಜ್ಜ ನಗಲಿಲ್ಲ. ಆಗಷ್ಟ ಒಳಗ ಬಂದು ಮೂಲ್ಯಾಗ ನಿಂತಿದ್ದ ಕಾಕಾನ ಮಾರಿ ನೋಡಿ ಒಂದ ಮಾತು ಕೇಳಿದ. "ನಾ ಸತ್ತೇನೇನಲೇ?"

ಕಾಕಾನೂ ನಮ್ಮ ಜೋಡಿ ನಗಾಕ ಹತ್ತಿದ್ದ. ಉತ್ತರ ಕೊಡಲಿಲ್ಲ.

ಅವತ್ತಿನಿಂದ ಅಜ್ಜ ಅವನ ಜೋಡಿ ಮಾತು ಬಿಟ್ಟ. ಅದೇ ಮನಿ, ಅದೇ ಮಗ್ಗ. ನೂಲು ಬೇಕಾದರ "ಅವಗ ಹೇಳ್ರಿ" ಅಂತ ಗ್ವಾಡಿ ಕಡೆ ಮಾರಿ ಮಾಡಿ ಹೇಳಾವ. ಮೀಸಿ ತಿರುಗಿ ಬಂತು, ಮಾತು ಬರಲಿಲ್ಲ. ಕಾಕಾ ಸೊಕ್ಕಿನಿಂದ ಸುಮ್ಮನಿದ್ದಾನ ಅಂತ ನಾವೆಲ್ಲಾ ತಿಳಕೊಂಡ್ವಿ. ಒಂದು ವೇಷಕ್ಕ ಇಷ್ಟು ಸಿಟ್ಟು ಯಾಕ ಅಂತ ಅಜ್ಜಗ ಒಮ್ಮೆ ಕೇಳಿದೆ. "ಊರಾನ ಮಂದಿ ನನ್ನ ಹೆಣಾ ನೋಡಾಕ ಬಂದ್ರವಾ. ನಾನ ಅವರಿಗೆ ಚಾ ಕುಡಿಸಿ ಕಳಿಸಿದೆ" ಅಂದ.

ಖರೇನ ಅಜ್ಜ ತೀರಿಕೊಂಡಾಗ ನಮ್ಮಪ್ಪ, ದೊಡ್ಡಪ್ಪ ಇಬ್ಬರೂ ಅಂಗಳದಾಗ ಕುಂತು ತಲಿ, ಮೀಸಿ ತೆಗೆಸಿದರು. ಕಾಕಾ ಹೋಗಿ ಅವರ ಮಗ್ಗಲ ಕುಂತ. ದೊಡ್ಡಪ್ಪ ಅವನ ರಟ್ಟಿ ಹಿಡಿದು ಎಬ್ಬಿಸಿದ. "ಬ್ಯಾಡೋ ತಮ್ಮಾ. ಅಪ್ಪ ಹೇಳಿ ಹೋಗ್ಯಾನ. 'ಸಣ್ಣಾವ ನನ್ನ ಕರ್ಮಾ ಆಗಲೇ ಮಾಡಿ ಮುಗಿಸ್ಯಾನ, ಇನ್ನೊಮ್ಮೆ ಬ್ಯಾಡ' ಅಂತ." ಕಾಕಾ ತುಂಬಿದ ಮೀಸಿಯೊಳಗ ಹೆಣದ ಹಿಂದ ನಡೆದ. ಗುರ್ತಿಲ್ಲದವರು ಅವನ್ನ ಅಳಿಯ ಅಂತ ತಿಳಕೊಂಡ್ರು.

ಟಿವಿಯೊಳಗ ಕೈದಿಗಳನ್ನ ಸಾಲು ನಿಲ್ಲಿಸಿದರು. "ಆ ಕಡೇಕ ನಿಂತಾವ ನಾನು" ಅಂದ ಕಾಕಾ. ನಮಗ ಬೆನ್ನು ಮಾಡಿ ನಿಂತಿದ್ದ. ಈಗ ತಿರುಗತಾನ, ಆಗ ತಿರುಗತಾನ ಅಂತ ನಾ ಕಾದೆ. ತಿರುಗಲಿಲ್ಲ. ಸೀನು ಮುಗಿದು ಹೋತು.

"ಇಷ್ಟಕ್ಕ ಮೀಸಿ ತೆಗೆಸಿದ್ಯಲ್ಲೋ ಕಾಕಾ" ಅಂತ ಚಾಷ್ಟಿ ಮಾಡಿದೆ. ಈ ಕಥಿ ಹೇಳಿ ನಾ ಎಷ್ಟು ಮದುವಿ ಮನ್ಯಾಗ ಮಂದಿನ್ನ ನಗಿಸೇನೋ ಲೆಕ್ಕಿಲ್ಲ. ನಿಮಗೂ ನಗಸಾಕಂತನ ಸುರು ಮಾಡಿದ್ದೆ. ಕಾಕಾ ಟಿವಿ ಬಿಟ್ಟು ನನ್ನ ಕಡೆ ತಿರುಗಿದ. ಆಮ್ಯಾಲೆ ಅಂದ:

"ನಾ ಸತ್ತೇನೇನಲೇ ಅಂತ ಕೇಳಿದ್ದ ಅಪ್ಪ. 'ಇಲ್ಲೋ ಎಪ್ಪಾ, ನೀ ಇರಬೇಕು' ಅನ್ನಬೇಕಾಗಿತ್ತವಾ ನಾನು. ಇವತ್ತ ಹೇಳತೀನಿ, ನಾಳಿಗೆ ಹೇಳತೀನಿ ಅಂತ ದಿನಾ ಅವನ ಮುಂದ ಹಾದು ಹೋಗತಿದ್ದೆ."