ಮಣ್ಣು ಮಾಡಿದ ಗಡ್ಡೆ

ಬಂಟ್ವಾಳದ ನಫೀಸಮ್ಮನಿಗೆ ದಿನಕ್ಕೆ ಹತ್ತು ಪ್ರಶ್ನೆ ಕೇಳದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ. ಹೊಲಿಗೆ ಮೆಷಿನ್ ರಿಪೇರಿಗೆ ಬಂದವನ ಪಕ್ಕದಲ್ಲೇ ಕುಳಿತು ಒಂದೊಂದು ತಿರುಪಿನ ಕೆಲಸವನ್ನೂ ಕೇಳಿ ತಿಳಿದುಕೊಳ್ಳುವ ಹೆಂಗಸು! 2005ರಲ್ಲಿ ತೊಡೆಯೊಳಗೊಂದು ಗಡ್ಡೆ ಬೆಳೆಯಿತು. ಮೂಡುಬಿದಿರೆಯಲ್ಲಿ ಅದನ್ನು ತೆಗೆಸಿದ್ದಾಯಿತು. ಸಾರ್ಕೋಮಾ, ಅಂದರೆ ಮಾಂಸದಲ್ಲೇ ಹುಟ್ಟುವ ಕ್ಯಾನ್ಸರ್ ಎಂದು ರಿಪೋರ್ಟ್ ಬಂದಾಗಲೂ ಆಕೆ ಕೇಳಿದ್ದು ಒಂದೇ, "ನೋಡಲಿಕ್ಕೆ ಹೇಗುಂಟು ಡಾಕ್ಟ್ರೇ ಅದು?"

ತೋರಿಸಲು ಗಡ್ಡೆಯೆಲ್ಲಿತ್ತು? ಪರೀಕ್ಷೆಗೆ ಕೊಟ್ಟು ಉಳಿದದ್ದನ್ನು ಗಂಡ ಅಬ್ದುಲ್ ಶುಕೂರ್ ಕೇಳಿ ಪಡೆದಿದ್ದ. ಮನುಷ್ಯನ ಮೈಯಿಂದ ಬೇರ್ಪಟ್ಟದ್ದನ್ನು ಕಸಕ್ಕೆ ಎಸೆಯಬಾರದು, ಮಣ್ಣು ಮಾಡಬೇಕು ಎಂಬುದು ಅವರ ರೂಢಿ. ಬಿಳಿ ಬಟ್ಟೆಯಲ್ಲಿ ಸುತ್ತಿ ಮಸೀದಿಯ ಖಬರಸ್ಥಾನದ ಮೂಲೆಯಲ್ಲಿ ಹೂತು ನೆಮ್ಮದಿಯಿಂದ ಮನೆಗೆ ಬಂದಿದ್ದ.

ಕೆಲವು ವಾರಗಳ ನಂತರ ಮಂಗಳೂರಿನ ಡಾಕ್ಟರೊಬ್ಬರು ಗಡ್ಡೆ ಮತ್ತೆ ಬಾರದಂತೆ ತಡೆಯುವ ಹೊಸ ಪ್ರಯೋಗವೊಂದರ ಸುದ್ದಿ ಹೇಳಿದರು. "ನಿಮ್ಮ ರಕ್ತದ ಬಿಳಿ ಕಣಗಳನ್ನು ಹೊರಗೆ ತೆಗೆಯುವುದು, ಅವಕ್ಕೆ ಗಡ್ಡೆಯ ಗುರುತು ಕಲಿಸಿ ಪುನಃ ನಿಮಗೇ ಚುಚ್ಚುವುದು. ಗ್ಯಾರಂಟಿ ಇಲ್ಲ."

"ಇಷ್ಟು ದಿವಸ ಅವಕ್ಕೆ ಕಣ್ಣು ಕಾಣ್ತಿರಲಿಲ್ವಾ?" ಎಂದಳು ನಫೀಸಮ್ಮ.

"ಕಾಣ್ತದೆ. ಆದರೆ ಗಡ್ಡೆ ನಿಮ್ಮ ಮೈಯಲ್ಲೇ ಹುಟ್ಟಿದ್ದಲ್ವಾ? ಮನೆಯವನೇ ಅಂತ ಬಿಟ್ಟುಬಿಡ್ತವೆ."

"ಅಯ್ಯೋ, ಕಳ್ಳನನ್ನು ಕೂರಿಸಿ ಚಾ ಕೊಟ್ಟ ಹಾಗಾಯ್ತಲ್ಲ!"

ಡಾಕ್ಟರೂ ನಕ್ಕರು. "ಕಲಿಸಲಿಕ್ಕೆ ಗಡ್ಡೆ ಬೇಕು. ತೆಗೆದ ಕೂಡಲೇ ಐಸ್‌ನಲ್ಲಿ ಇಟ್ಟದ್ದು ಉಂಟಾ?"

ಶುಕೂರ್ ತಲೆ ತಗ್ಗಿಸಿದ. "ಮಣ್ಣು ಮಾಡಿದ್ದೇನೆ," ಎಂದ. ನಫೀಸಮ್ಮನಿಗೆ ಸಿಟ್ಟೂ ಬಂತು, ಪಾಪ ಅಂತಲೂ ಅನಿಸಿತು.

ಏಳು ತಿಂಗಳಾಗುವಾಗ ಅದೇ ಜಾಗದಲ್ಲಿ ನೆಲ್ಲಿಕಾಯಿ ಗಾತ್ರದ್ದೊಂದು ಮತ್ತೆ ಎದ್ದಿತು. ಆಕೆಗೆ ಹೆದರಿಕೆಯಾಯಿತು. ಆದರೂ ಡಾಕ್ಟರ ಮುಂದೆ ಕುಳಿತಾಗ ಬಾಯಿಗೆ ಮೊದಲು ಬಂದದ್ದು, "ಈ ಸಲ ಕಲಿಸಬಹುದಲ್ಲ?"

ಆಪರೇಷನ್ನಿನ ಬೆಳಿಗ್ಗೆ, ಗಡ್ಡೆಯನ್ನು ಲ್ಯಾಬಿಗೆ ಬಿಟ್ಟುಕೊಡುವ ಕಾಗದ ಮುಂದಿಟ್ಟಾಗ ಶುಕೂರನ ಪೆನ್ನು ನಿಂತಿತು. "ಕಲಿಸಲಿಕ್ಕೆ ಅಂತ ಅವರು ಎಲ್ಲ ಅರೆದುಬಿಡ್ತಾರಂತೆ. ಸ್ವಲ್ಪವಾದರೂ ಮಣ್ಣಿಗೆ ಸೇರಿಸುವುದು ಬೇಡ್ವಾ ನಫೀಸಾ?"

"ಮಣ್ಣಿಗೆ ಸೇರಲಿಕ್ಕೆ ನಾನು ಇಡೀ ಇದ್ದೇನಲ್ಲ," ಎಂದಳು ಆಕೆ. "ನಿಮಗೇನು ಅಷ್ಟು ಅವಸರ?"

ನರ್ಸುಗಳ ಎದುರೇ ಶುಕೂರ್ ಗಳಗಳನೆ ಅತ್ತುಬಿಟ್ಟ. ಆಮೇಲೆ ಕಣ್ಣೊರೆಸಿಕೊಂಡು ಸಹಿ ಹಾಕಿದ.